ನೆತ್ತಿಗಲ್ಲಿನ ಕೆಳಗಿನ ದಾರ

ಸ್ತುದೆನ್ ಬ್ರೋದ್
೨೨ ಸೆಪ್ಟೆಂಬರ್ ೧೯೭೯, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಲ್ಯುಬೆನ್,

ಹೇಗಿದ್ದೀಯಪ್ಪಾ? ಹೋದ ಪತ್ರದಲ್ಲಿ ನೀನು ಕಣ್ಣಿಗೆ ಮರಳು ಹೊಕ್ಕು ಊದಿಕೊಂಡಿದೆ ಎಂದು ಬರೆದಿದ್ದೆ. ಇಳಿಯಿತೇ? ನಾನು ಪೊಟ್ಟಣ ಕಟ್ಟಿ ಕಳಿಸಿದ ಒಣಹೂವನ್ನು ಕುದಿಸಿ ಆ ನೀರಿನಲ್ಲಿ ಕಣ್ಣು ತೊಳೆದುಕೊಂಡೆಯೋ, ಅಥವಾ ಚಹಾ ಎಂದುಕೊಂಡು ಕುಡಿದುಬಿಟ್ಟೆಯೋ? ನಿನ್ನನ್ನು ನಂಬುವ ಹಾಗಿಲ್ಲ. ಲಿಬಿಯಾದ ಬಿಸಿಲಿನಲ್ಲಿ ಕಾಂಕ್ರೀಟು ಸುರಿಯುವವನಿಗೆ ಇಲ್ಲಿಯ ಸೆಪ್ಟೆಂಬರಿನ ಸುದ್ದಿ ಬರೆದರೆ ಹೊಟ್ಟೆ ಉರಿದೀತು, ಆದರೂ ಬರೆಯುತ್ತೇನೆ. ಬೀದಿ ತುಂಬ ಕೆಂಪು ಮೆಣಸಿನಕಾಯಿ ಸುಡುವ ವಾಸನೆ. ಪಕ್ಕದ ಮನೆಯ ತ್ಸೋನಾ ಅಜ್ಜಿ ಅಂಗಳದಲ್ಲಿ ತಗಡು ಇಟ್ಟುಕೊಂಡು ಬೆಳಗಿನಿಂದ ಸುಡುತ್ತಿದ್ದಾಳೆ, ಹೊಗೆಯೆಲ್ಲ ನಮ್ಮ ಕಿಟಕಿಗೆ. ಇಸ್ಕ್ರಾ ಈಗ ಚೆನ್ನಾಗಿದ್ದಾಳೆ, ಮಗು ಒದೆಯುತ್ತಿದೆ. 'ಈಗ' ಎಂಬ ಮಾತನ್ನು ನೋಡಿ ಎದೆ ಹೊಡೆದುಕೊಳ್ಳಬೇಡ. ಕೂತು ಓದು. ನಿನ್ನ ಹೆಂಡತಿಯ ವಿಷಯ ನಿನಗೆ ಗೊತ್ತಾಗಲೇಬೇಕು, ಬೇರೆಯವರ ಬಾಯಿಂದ ಅಡ್ಡಾದಿಡ್ಡಿ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ.

ನೀನು ಹೊರಟ ಮೇಲೆ ವಸಂತದಲ್ಲಿ ಬಂದ ನೆರೆಗೆ ಹಳೆಯ ಸೇತುವೆಯ ನಡುಗಮಾನು ಕುಸಿದದ್ದು ನಿನಗೆ ಬರೆದಿದ್ದೆನಲ್ಲ. ಅದನ್ನು ಕಟ್ಟಲು ಜಿಲ್ಲೆಯಿಂದ ಇಂಜಿನಿಯರುಗಳು ಬಂದರು, ನೋಡಿದರು, ಹೋದರು. ಕೊನೆಗೆ ಅಪ್ಪನನ್ನೇ ಕರೆದರು. ಎಪ್ಪತ್ತು ದಾಟಿದ ಮುದುಕ ಕೋಲು ಮೂಲೆಗಿಟ್ಟು, ಕರಣೆ ಹಿಡಿದು, ತನ್ನ ಹಳೆಯ ಮೇಸ್ತ್ರಿಗಳ ತಂಡ ಕೂಡಿಸಿಕೊಂಡು ಹೊರಟ. ಅವನ ನಡಿಗೆ ನೋಡಬೇಕಿತ್ತು ನೀನು. ನಾನು ಎಂದಿನಂತೆ ಪ್ರವಾಸಿಗರನ್ನು ಸುತ್ತಿಸುತ್ತಿದ್ದೆ. ಗಡಿಯಾರದ ಗೋಪುರ, ನೆಲದಲ್ಲಿ ಅರ್ಧ ಹೂತ ಚರ್ಚು, ತುರ್ಕರ ಸ್ನಾನಗೃಹ, ಕೊನೆಗೆ ಸೇತುವೆ. ಸೇತುವೆಯ ಕಥೆ ನೀನು ತೊಟ್ಟಿಲಲ್ಲೇ ಕೇಳಿದವನು. ಆದರೂ ನಾನು ಜರ್ಮನ್ನರಿಗೆ ಹೇಳುವಂತೆ ನಿನಗೂ ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ನಡೆದದ್ದೆಲ್ಲ ಅದರಿಂದಲೇ. ಹಗಲು ಕಟ್ಟಿದ ಕಮಾನು ರಾತ್ರಿ ಬೀಳುತ್ತಿತ್ತು. ನಾಳೆ ಬುತ್ತಿ ತರುವ ಹೆಂಡತಿಯರಲ್ಲಿ ಯಾರು ಮೊದಲು ಬರುತ್ತಾರೋ ಅವಳನ್ನು ಜೀವಂತ ಗೋಡೆಯೊಳಗೆ ಸೇರಿಸಿ ಕಟ್ಟುವುದು, ಮನೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂದು ಮೇಸ್ತ್ರಿಗಳು ಆಣೆ ಇಟ್ಟುಕೊಂಡರು. ಎಲ್ಲರೂ ಆಣೆ ಮುರಿದು ಹೆಂಡಿರಿಗೆ ಹೇಳಿದರು. ಕಿರಿಯ ಮೇಸ್ತ್ರಿ ಒಬ್ಬನೇ ಹೇಳಲಿಲ್ಲ, ಅವನ ಹೆಂಡತಿ ಬಂದಳು. ಆಮೇಲಿನ ಕಾಲದಲ್ಲಿ ಜನರನ್ನು ಬಿಟ್ಟು ನೆರಳನ್ನು ಸೇರಿಸತೊಡಗಿದರು. ಹಾದುಹೋಗುವವರ ನೆರಳನ್ನು ಗೊತ್ತಾಗದಂತೆ ದಾರದಿಂದ ಅಳೆದು, ಆ ದಾರವನ್ನು ಕಲ್ಲಿನಡಿ ಇಟ್ಟು ಗಾರೆ ಮೆತ್ತುವುದು. ಕಮಾನು ನಿಲ್ಲುತ್ತದೆ, ನೆರಳು ಕೊಟ್ಟವರು ನಲವತ್ತು ದಿನದೊಳಗೆ ತೀರಿಹೋಗುತ್ತಾರೆ. ಇಲ್ಲಿಗೆ ಬಂದಾಗ ಜರ್ಮನ್ ಹೆಂಗಸರು ತಮ್ಮ ನೆರಳನ್ನು ಹಿಂದಕ್ಕೆಳೆದುಕೊಳ್ಳುವವರಂತೆ ಕಾಲು ಸರಿಸುತ್ತಾರೆ. ನನಗೆ ನಗು. ನಮ್ಮ ಅನ್ನದ ಕಥೆ ಅದು, ನಾನು ಅದನ್ನು ಒಂದು ದಿನವೂ ನಂಬಿದವಳಲ್ಲ.

ಈಗಿನ ಕಾಲದಲ್ಲಿ ಕಮಾನಿನ ನೆತ್ತಿಗಲ್ಲು, ಅಂದರೆ ಅದನ್ನು ಮುಚ್ಚುವ ಕೊನೆಯ ಕಲ್ಲು, ಕೂರಿಸುವಾಗ ಹುಂಜ ಕೊಯ್ಯುತ್ತಾರೆ, ಅಷ್ಟೇ. ಅಪ್ಪನೂ ಒಂದು ಹುಂಜ ತಂದು ಬುಟ್ಟಿಯಲ್ಲಿಟ್ಟಿದ್ದ. ಊರ ಸಮಿತಿಯ ಕಾರ್ಯದರ್ಶಿ ವೆಲ್ಚೆವ್‌ಗೆ ಅದು ಹೇಗೋ ತಿಳಿಯಿತು. ಪತ್ರಿಕೆಯವರು ಫೋಟೋ ತೆಗೆಯಲು ಬರುವವರಿದ್ದರು, ಅವನು ಓಡೋಡಿ ಬಂದ. "ಮೇಸ್ತ್ರಿ, ಯಾವ ಕಾಲದಲ್ಲಿದ್ದೀರಿ ನೀವು? ಕೋಳಿ ರಕ್ತ ಹಾಕಿ ಸಮಾಜವಾದ ಕಟ್ತೀರಾ?" ಎಂದು ಬುಟ್ಟಿಯನ್ನೇ ಎತ್ತಿಕೊಂಡು ಹೋದ. ಆ ಹುಂಜ ಆಮೇಲೆ ಅವನ ಮನೆಯ ಸಾರಿನಲ್ಲಿ ಬೆಂದಿತೆಂದು ತ್ಸೋನಾ ಅಜ್ಜಿ ಆಣೆ ಮಾಡಿ ಹೇಳುತ್ತಾಳೆ. ನಗುವಂಥದ್ದೇ. ಆದರೆ ಮಾರನೆಯ ದಿನ ನೆತ್ತಿಗಲ್ಲು ಎತ್ತುವಾಗ ಹಗ್ಗ ಜಾರಿತು. ಮತ್ತೆ ಎತ್ತಿದರು, ಮತ್ತೆ ಜಾರಿತು. ಇಬ್ಬರು ಸ್ವಲ್ಪದರಲ್ಲಿ ತಪ್ಪಿಸಿಕೊಂಡರು. ಅಪ್ಪನ ತಂಡದ ಗೊಚೊನ ಕೈಯ ಚರ್ಮ ಸುಲಿದಿತ್ತು. ಆ ಸಂಜೆ ತಂಡದವರು ಕಲ್ಲನ್ನು ನಾಳೆಗೆ ಬಿಟ್ಟು ಮನೆಗೆ ಹೋದರಂತೆ.

ಮೇಸ್ತ್ರಿಗಳ ಮನೆಯ ರಿವಾಜು ನಿನಗೆ ಗೊತ್ತು. ನೆತ್ತಿಗಲ್ಲಿನ ದಿನ ಮನೆಯ ಹೆಣ್ಣುಮಕ್ಕಳು ಸೇತುವೆಯ ಹತ್ತಿರ ಸುಳಿಯಬಾರದು, ಬುತ್ತಿಯಂತೂ ಒಯ್ಯಲೇಬಾರದು. ಅದನ್ನು ಹೆಂಡತಿಗೆ ಗಂಡನೇ ಹೇಳಬೇಕು, ಇನ್ನೊಬ್ಬರ ಹೆಂಡತಿಗೆ ಯಾರೂ ಹೇಳುವಂತಿಲ್ಲ. ಗಂಡ ಸತ್ತ ನನಗೆ ಅಪ್ಪ ಹೇಳಿದ, ಅದೂ ಅವನದೇ ಧಾಟಿಯಲ್ಲಿ: "ನಾಳೆ ನಿನ್ನ ಜರ್ಮನ್ನರನ್ನ ಮೇಲ್ಗಡೆ ಗೋಪುರದಲ್ಲೇ ಆಡಿಸ್ಕೊಂಡಿರು." ಇಸ್ಕ್ರಾಳಿಗೆ ಹೇಳಬೇಕಾದವನು ನೀನು, ನೀನಿರುವುದು ಸಮುದ್ರದಾಚೆ. ಮಾವನಾದವನು ಸೊಸೆಗೆ ಹೇಳುವುದು ಅಪ್ಪನ ಲೆಕ್ಕದಲ್ಲಿ ಆಣೆ ಮುರಿಯುವುದಕ್ಕಿಂತ ಕೆಟ್ಟದ್ದು. ನೀನು ಪತ್ರದಲ್ಲಿ ಬರೆದಿರುತ್ತೀ ಎಂದು ಅವನು, ಅವಳಿಗೆ ಗೊತ್ತೇ ಇರುತ್ತದೆ ಎಂದು ನಾನು. ದಾನ್ಯೂಬ್ ತೀರದ ಬಯಲಿನ ಹುಡುಗಿ ಅವಳು, ಅವರ ಊರಿನಲ್ಲಿ ಕಲ್ಲೂ ಇಲ್ಲ ಕಮಾನೂ ಇಲ್ಲ. ಮಾವ ಬೆಳಿಗ್ಗೆ ಏನೂ ತಿನ್ನದೆ ಹೋದರೆಂದು, ಬಿಸಿ ಬಿಸಿ ಬಾನಿತ್ಸಾ ಮಾಡಿ, ಅದರ ಜೊತೆಗೆ ಮೊಸರಿಟ್ಟು, ಬಟ್ಟೆ ಮುಚ್ಚಿ, ಆ ಹೊಟ್ಟೆ ಹೊತ್ತುಕೊಂಡು ಸೀದಾ ಸೇತುವೆಗೆ ಹೋದಳು.

ಅಪ್ಪ ಆಗ ಕೆಳಗೆ ನದಿಯಲ್ಲಿ, ಕಮಾನನ್ನು ಹೊತ್ತ ಮರದ ಸೆಂಟ್ರಿಂಗಿನ ಬೆಣೆಗಳನ್ನು ನೋಡುತ್ತಿದ್ದ. ಮೇಲಿದ್ದವರು ಇವಳನ್ನು ಕಂಡು ಕೆಲಸ ನಿಲ್ಲಿಸಿದರಂತೆ. ಯಾರೂ ಬಾ ಎನ್ನಲಿಲ್ಲ, ಕೂತ್ಕೊ ಎನ್ನಲಿಲ್ಲ. ಗೊಚೊ ಮಾತ್ರ ಬಗ್ಗಿ ಅವಳ ಹಿಂದೆ ಏನೋ ಮಾಡುತ್ತಿದ್ದ. ತಿರುಗಿ ನೋಡಿದಾಗ ಅವನು ಕೈಗೆ ದಾರ ಸುತ್ತಿಕೊಳ್ಳುತ್ತಿದ್ದ. ಅವಳಿಗೆ ಆಗ ಏನೂ ಅರ್ಥವಾಗಲಿಲ್ಲ. ಬುಟ್ಟಿ ಇಟ್ಟು ಬಂದಳು. ಅವತ್ತು ಕಲ್ಲು ಒಂದೇ ಸಲಕ್ಕೆ ಕೂತಿತು.

ಮನೆಗೆ ಬಂದು ಇವಳು ತ್ಸೋನಾ ಅಜ್ಜಿಯ ಹತ್ತಿರ ನಗುತ್ತಾ ಹೇಳಿದ್ದಾಳೆ, ಗೊಚೊ ನನ್ನ ಹಿಂದೆ ಬಗ್ಗಿ ದಾರ ಹಿಡಿದು ಆಡುತ್ತಿದ್ದ ಎಂದು. ಮುದುಕಿ ಎದೆಯ ಮೇಲೆ ಶಿಲುಬೆ ಬರೆದುಕೊಂಡು, "ಅಯ್ಯೋ ನನ್ ಕಂದ, ನಿನ್ನ ನೆರಳು ತಗೊಂಡ್ರಲ್ಲೇ. ಎರಡು ಜೀವದ ನೆರಳು" ಎಂದುಬಿಟ್ಟಿತು. ಆ ಬಾಯಿಗೆ ಗಾರೆ ಮೆತ್ತಬೇಕಿತ್ತು. ಆ ರಾತ್ರಿಯಿಂದಲೇ ಇಸ್ಕ್ರಾ ಊಟ ಬಿಟ್ಟಳು. ನಾನು ನಕ್ಕೆ, ಬೈದೆ, ಕೈ ಹಿಡಿದು ಕೂತು ಬೇಡಿಕೊಂಡೆ. ಒಂದೆರಡು ವಾರದಲ್ಲಿ ಅವಳ ಕಣ್ಣು ಗುಳಿ ಬಿದ್ದವು. ಆಸ್ಪತ್ರೆಯ ಡಾಕ್ಟರು ರಕ್ತ ಕಮ್ಮಿಯಾಗಿದೆ, ಹೀಗೇ ಉಪವಾಸ ಕೂತರೆ ಮಗು ಉಳಿಯುವುದು ಕಷ್ಟ ಎಂದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅತ್ತಿಗೆ, ಒದೀತಾನೇ ಇಲ್ಲ. ಮೊದಲು ಇದನ್ನ ತಗೊಳತ್ತೆ ಅನ್ಸತ್ತೆ, ಆಮೇಲೆ ನನ್ನ" ಎಂದಳು. ಲ್ಯುಬೆನ್, ನಾನು ಸಾವಿರ ಸಲ ಹೇಳಿದ ಕಥೆ ನಮ್ಮ ಮನೆಯ ಹಾಸಿಗೆಯಲ್ಲಿ ಮಲಗಿತ್ತು. ನನಗೆ ಭಯವಾಯಿತು. ದಾರದ ಭಯವಲ್ಲ, ಅವಳ ಭಯದ ಭಯ.

ಗೊಚೊನನ್ನು ಗೋಪುರದ ಕೆಳಗಿನ ಹೆಂಡದಂಗಡಿಯಲ್ಲಿ ಹಿಡಿದೆ. ಮೊದಲು ನನ್ನ ಮುಖವನ್ನೇ ನೋಡಲಿಲ್ಲ. ಆಮೇಲೆ ಲೋಟ ಪಕ್ಕಕ್ಕಿಟ್ಟ. "ಅಕ್ಕಾ, ಆವತ್ತು ಇಬ್ರು ಸತ್ತೇ ಹೋಗ್ತಿದ್ರು. ಹುಂಜ ಕೊಡ್ಲಿಲ್ಲ ಅಂದ್ಮೇಲೆ ಅದು ಬೇರೇನೋ ಕೇಳ್ತಿತ್ತು" ಎಂದ. ಅದಕ್ಕೆ ನಿನಗೆ ಬಸುರಿಯೇ ಸಿಕ್ಕಳೇನೋ ಎಂದೆ. "ಆರ್ಸೋದು ನಾವಲ್ಲ. ಮೊದ್ಲು ಯಾರು ಬರ್ತಾರೋ ಅವ್ರೇ. ನನ್ ಹೆಂಡ್ತಿ ಬಂದಿದ್ರೆ ಅವಳದ್ದೇ ಅಳೀತಿದ್ದೆ" ಎಂದವನೇ ಮೂಗು ಒರೆಸಿಕೊಂಡ. ಅವನನ್ನು ಹೊಡೆಯಬೇಕೆಂದು ಹೋದವಳು ಹಾಗೇ ಎದ್ದು ಬಂದೆ. ಅವನು ತನ್ನ ಹೆಂಡತಿಗೆ ಮುಂಚಿನ ದಿನವೇ ಹೇಳಿದ್ದ ಎಂಬುದು ಹಾದಿಯಲ್ಲಿ ನೆನಪಾಗಿ ಮತ್ತೆ ಸಿಟ್ಟು ಬಂತು.

ಅಪ್ಪನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ, "ವೆಲ್ಚೆವ್ ಊರಲ್ಲಿದ್ದಾನಾ?" ವೆಲ್ಚೆವ್ ಜಿಲ್ಲೆಯ ಸಭೆಗೆ ಹೋಗಿದ್ದ. "ಸೆಂಟ್ರಿಂಗ್ ಹೊತ್ಕೊಂಡಿರೋವರೆಗೂ ಕಲ್ಲು ತೆಗೀಬಹುದು. ಬಿಚ್ಚಿದ್ಮೇಲೆ ಯಾರಪ್ಪ ಬಂದ್ರೂ ಆಗಲ್ಲ" ಎಂದು ಮರುದಿನ ಭಾನುವಾರ ಬೆಳಿಗ್ಗೆ ತಂಡವನ್ನೆಲ್ಲ ಎಬ್ಬಿಸಿಕೊಂಡು ಹೋದ. ಇಸ್ಕ್ರಾಳನ್ನು ಕುರ್ಚಿಯ ಸಮೇತ ಎತ್ತಿ ತಂದು ಸೇತುವೆಯ ತುದಿಯಲ್ಲಿ ಕೂರಿಸಿದರು. ಹಾರೆ ಹಾಕಿ ನೆತ್ತಿಗಲ್ಲು ಎತ್ತಿದರು. ಗಾರೆ ಇನ್ನೂ ಪೂರ್ತಿ ಬಿಗಿದಿರಲಿಲ್ಲ, ದೇವರು ದೊಡ್ಡವನು. ಅಪ್ಪ ತಾನೇ ಬಗ್ಗಿ, ಉಗುರಿನಿಂದ ಕೆರೆದು, ಸುಣ್ಣ ಮೆತ್ತಿದ ದಾರವನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. "ತಗೋ ಮಗಳೇ, ನಿನ್ನದು ನಿನ್ನ ಹತ್ರ ಬಂತು. ಎದ್ದು ಊಟ ಮಾಡು" ಎಂದ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಅತ್ತಳು. ಮನೆಗೆ ಬಂದ ತಕ್ಷಣ ಒಲೆಗೆ ಹಾಕಿ ಸುಟ್ಟಳು, ಆಮೇಲೆ ಹುರುಳಿಕಾಯಿ ಸಾರನ್ನು ಎರಡು ಬಟ್ಟಲು ಕುಡಿದಳು. ಸಂಜೆ ಮಗು ಒದ್ದಿತು. ನಿನ್ನ ಮಗನೋ ಮಗಳೋ, ಅದಕ್ಕೂ ಸಿಟ್ಟು ಬಂದಿತ್ತೆಂದು ಕಾಣುತ್ತದೆ, ಒಂದೇ ಸಮನೆ ಒದೆಯಿತು.

ಇಲ್ಲಿಗೆ ಮುಗಿದಿದ್ದರೆ ಪತ್ರವನ್ನು ನಾನು ನಗುತ್ತಲೇ ಬರೆಯುತ್ತಿದ್ದೆ. ಅವಳನ್ನು ಮನೆಗೆ ಕರೆದೊಯ್ದ ಮೇಲೆ ಸೇತುವೆಯಲ್ಲಿ ಕೆಲಸ ನಿಂತಿತು. ಕಲ್ಲಿನ ಜಾಗ ತೆರೆದೇ ಇತ್ತು. ಇನ್ನೊಂದು ಹುಂಜ ತರೋಣ ಎಂದೆ ನಾನು. ಗೊಚೊ ತಲೆಯಾಡಿಸಿದ. "ಮನುಷ್ಯರ ಅಳತೆ ಇಟ್ಟ ಜಾಗಕ್ಕೆ ಹುಂಜ ಸಾಲಲ್ಲ ಅಕ್ಕಾ. ಖಾಲಿ ಮುಚ್ಚಿದ್ರೆ ನಾನಂತೂ ಕೆಳಗೆ ಹೋಗಿ ಬೆಣೆ ಬಿಚ್ಚಲ್ಲ." ಉಳಿದವರೂ ಹಾರೆ ಕೆಳಗಿಟ್ಟರು. ಅಪ್ಪ ಟೋಪಿ ಸರಿ ಮಾಡಿಕೊಂಡು ಬಿಸಿಲಿಗೆ ಹೋಗಿ ನಿಂತ. "ನನ್ನದು ಅಳೀರಿ" ಎಂದ. ಒಬ್ಬನೂ ಮುಂದೆ ಬರಲಿಲ್ಲ. ಗೊಚೊ ಅಳುವುದಕ್ಕೆ ಶುರು ಮಾಡಿದ, "ಮೇಸ್ತ್ರಿ, ನನ್ನ ಕೈ ಕತ್ತರಿಸಿ, ಅಳೆಯಲ್ಲ." ಆಗ ಅಪ್ಪ ನನ್ನ ಕಡೆ ತಿರುಗಿದ. "ನೆದಾ, ನೀನು ಬಾ. ನೀನು ಇದನ್ನೆಲ್ಲ ನಂಬಲ್ವಲ್ಲ" ಎಂದ.

ಲ್ಯುಬೆನ್, ನಂಬದವಳೇ ಹೋಗಿ ಗೊಚೊನ ಕೈಯಿಂದ ದಾರ ತೆಗೆದುಕೊಂಡೆ. ಬೆಳಗಿನ ಬಿಸಿಲಿಗೆ ಅವನ ನೆರಳು ಕಟ್ಟೆಯವರೆಗೆ ಉದ್ದಕ್ಕೆ ಬಿದ್ದಿತ್ತು. ಮಂಡಿಯೂರಿ, ಹಿಮ್ಮಡಿಯಿಂದ ಟೋಪಿಯವರೆಗೆ ದಾರ ಎಳೆದೆ. ಕೂಗಿ ಬಿಡಬೇಕು ಎನಿಸಿತು, ಇವೆಲ್ಲ ಹುಚ್ಚಾಟ, ಮನೆಗೆ ನಡೀರಿ ಎನ್ನಬೇಕು ಎನಿಸಿತು. ಹಾಗೆಂದಿದ್ದರೆ ಅಪ್ಪ ತಾನೇ ಅಳೆದುಕೊಳ್ಳುತ್ತಿದ್ದ. "ನೀನೇ ಇಡು" ಎಂದ. ಇಟ್ಟೆ. ಅವನೇ ಗಾರೆ ಮೆತ್ತಿದ, ಅವನೇ ಕಲ್ಲು ಕೂರಿಸಿದ. ಕಲ್ಲು ಸರಿಯಾಗಿ ಕೂತಿರಲಿಲ್ಲ, ತೆಗೆದು ಕೂರಿಸಿದ್ದೇನೆ ಎಂದು ವೆಲ್ಚೆವ್‌ಗೆ ಹೇಳಿದ. ಸೆಪ್ಟೆಂಬರ್ ಒಂಬತ್ತರ ರಾಷ್ಟ್ರೀಯ ಹಬ್ಬಕ್ಕೆ ಸೇತುವೆ ತೆರೆಯುವ ಆಸೆ ಹೋಯಿತೆಂದು ವೆಲ್ಚೆವ್ ಹಾರಾಡಿದ.

ಅಂದಿನಿಂದ ಅಪ್ಪ ಖುಷಿಯಾಗಿದ್ದಾನೆ. ಅದನ್ನೇ ನನಗೆ ತಡೆಯಲಾಗುತ್ತಿಲ್ಲ. ತಾನು ಬೈಯುವುದನ್ನೇ ಮರೆತಿದ್ದಾನೆ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತನ್ನ ತೂಗುಗುಂಡನ್ನು ಗೊಚೊಗೆ ಕೊಟ್ಟ. ಸುಣ್ಣದ ಹೊಂಡ ಮುಚ್ಚಿದ. ಬಿಳಿ ಅಂಗಿಗೆ ಗುಂಡಿ ಹಾಕು ಎಂದು ನನ್ನ ಕೈಗೆ ಕೊಟ್ಟ, ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ನಿನ್ನೆ ಮಧ್ಯಾಹ್ನ ಬಂದು, "ನಿನ್ನ ಜರ್ಮನ್ನರಿಗೆ ತೋರಿಸ್ತೀಯಲ್ಲ, ಅದನ್ನೆಲ್ಲ ನನಗೂ ತೋರ್ಸು. ಒಂದು ದಿನಾನೂ ಕೇಳಿಲ್ಲ ನಾನು" ಎಂದ. ಹೋದೆವು. ನಾನು ಮುಂದೆ, ಅವನು ಕೈಯನ್ನು ಹಿಂದೆ ಕಟ್ಟಿಕೊಂಡು ವಿದೇಶಿಯ ಹಾಗೆ ಹಿಂದೆ. ಗೋಪುರದ ಹತ್ತಿರ, ಊರಾಳುತ್ತಿದ್ದ ತುರ್ಕಿ ಆಗಾನ ಅಂತಃಪುರ ಕಾಣಬಾರದೆಂದು ಪಶ್ಚಿಮಕ್ಕೆ ಕಿಟಕಿ ಇಡಲಿಲ್ಲ ಎಂಬ ಕಥೆ ಹೇಳಿದೆ. "ಸುಳ್ಳು. ಆ ಕಡೆಯಿಂದ ಮಳೆ ಹೊಡೆಯುತ್ತೆ, ಅದಕ್ಕೆ. ಆದ್ರೆ ನಿನ್ನ ಕಥೇನೇ ಇರ್ಲಿ, ಚೆನ್ನಾಗಿದೆ" ಎಂದ. ಹೂತ ಚರ್ಚಿನಲ್ಲಿ, ಕುದುರೆ ಮೇಲಿನ ತುರ್ಕನಿಗಿಂತ ಎತ್ತರ ಕಟ್ಟಬಾರದೆಂಬ ಅಪ್ಪಣೆಗೆ ನೆಲ ಅಗೆದು ಕೆಳಗಿಳಿದು ಕಟ್ಟಿದರು ಎಂದಾಗ ಬಗ್ಗಿ ಒಳಗೆ ಹೋಗಿ ಮೇಣದಬತ್ತಿ ಹಚ್ಚಿದ. ಎಷ್ಟು ಹಚ್ಚಿದ, ಯಾರ ಯಾರ ಹೆಸರಿಗೆ ಎಂದು ನಾನು ನೋಡಲಿಲ್ಲ. ಸ್ನಾನಗೃಹದ ಗುಮ್ಮಟದ ಕೆಳಗೆ, ಪ್ರಿಯನಿಗಾಗಿ ಅತ್ತ ಹುಡುಗಿಯ ಕಣ್ಣೀರು ಇಂದಿಗೂ ಗೋಡೆಯಲ್ಲಿ ಜಿನುಗುತ್ತದೆ ಎಂದು ಹೇಳುತ್ತಿದ್ದೆ, ಅವನು ನನ್ನ ಮಾತು ಬಿಟ್ಟು ಮೂಲೆಯ ಕಲ್ಲೊಂದನ್ನು ಸವರುತ್ತಿದ್ದ. "ಇದು ರಿಪೇರಿ ಮಾಡೋವಾಗ ಲ್ಯುಬೆನ್ ಇಟ್ಟಿದ್ದು. ಮೊದಲನೇ ಕಲ್ಲು ಅವಂದು. ವಾರೆ ಇಟ್ಟಿದ್ದಾನೆ ನೋಡು. ನಾನು ಸರಿ ಮಾಡ್ಲಿಲ್ಲ" ಎಂದ. ಆಚೆ ಬಂದ ಮೇಲೆ ಸೇತುವೆಗೆ ಹೋಗೋಣವೇ ಎಂದು ಕೇಳಿದೆ. "ಬೇಡ, ಅದು ನನಗೆ ಗೊತ್ತು. ಇನ್ಮೇಲೆ ಅಲ್ಲಿ ನನ್ನ ಕಥೆ ಹೇಳುವಾಗ ಉದ್ದ ಮಾಡ್ಬೇಡ ನೆದಾ. ಜನಕ್ಕೆ ಬಿಸಿಲಲ್ಲಿ ನಿಂತು ಕಾಲು ನೋಯುತ್ತೆ" ಎಂದ. ನಾನು ಹೆಗಲ ಶಾಲು ಸರಿ ಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸಿಕೊಂಡೆ.

ನಾಳೆ ಬೆಳಿಗ್ಗೆ ಸೆಂಟ್ರಿಂಗ್ ಬಿಚ್ಚುತ್ತಾರೆ. ಬ್ಯಾಂಡು, ಬಾವುಟ, ವೆಲ್ಚೆವ್‌ನ ಭಾಷಣ ಎಲ್ಲ ಆಮೇಲೆ. ಬೆಣೆಗಳನ್ನು ಹೊಡೆದು ತೆಗೆಯುವಾಗ ಕಟ್ಟಿದ ಮೇಸ್ತ್ರಿ ಕಮಾನಿನ ಕೆಳಗೆ ನಿಲ್ಲುತ್ತಾನೆ, ಕೊನೆಯ ಬೆಣೆ ಬೀಳುವವರೆಗೆ ಅಲ್ಲಾಡುವುದಿಲ್ಲ. ಅದಕ್ಕೂ ವೆಲ್ಚೆವ್ ತಕರಾರು ತೆಗೆದ. "ಹುಂಜ ಬಿಟ್ಟುಕೊಟ್ಟೆ. ಇದನ್ನ ಬಿಡಲ್ಲ" ಎಂದ ಅಪ್ಪ. ನದಿಯಲ್ಲಿ ಈಗ ನೀರು ಕಮ್ಮಿ, ನಡುಗಮಾನಿನ ಕೆಳಗೆ ಬರೀ ಗರಸು. ಬಿಳಿ ಅಂಗಿ ಇಸ್ತ್ರಿಯಾಗಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನೆಲ್ಲ ತ್ಸೋನಾ ಅಜ್ಜಿಯ ಮೇಲೆ ಖರ್ಚು ಮಾಡಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನು, ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಬಿಸಿಲಿಗೆ ಹೋಗಬೇಡ. ಅಪ್ಪ ನಿನ್ನ ಹಣೆಗೆ ಮುತ್ತು ಕಳಿಸಿದ್ದಾನೆ, ಅವನು ಬಾಯಿಬಿಟ್ಟು ಹೀಗೆ ಕಳಿಸಿದ್ದು ಇದೇ ಮೊದಲು. ನಮ್ಮ ತಾಯಿಯ ಆತ್ಮ ನಿನ್ನನ್ನು ಕಾಯಲಿ, ನಮ್ಮನ್ನೂ ಕಾಯಲಿ.

ನಿನ್ನ ಅಕ್ಕ,
ನೆದಾ

ಮರೆತ ಮಾತು: ಮೇಲಿನದೆಲ್ಲ ಇಸ್ಕ್ರಾ ಓದಿ, ತನ್ನ ಕಾಗದವನ್ನೂ ಒಳಗಿಟ್ಟು ಮಲಗಲು ಹೋದಳು. ಅಂಚೆಯವನು ಬರುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಹರಿದುಬಿಡು. ಕಲ್ಲಿನ ಕೆಳಗಿರುವುದು ಅಪ್ಪನ ದಾರವಲ್ಲ. ನನ್ನ ಏಪ್ರನ್ನಿನ ಜೇಬಿನಲ್ಲಿ ಮೆಣಸಿನಕಾಯಿ ಪೋಣಿಸುವ ದಾರದ ತುಂಡಿತ್ತು. ಎಲ್ಲರಿಗೂ ಬೆನ್ನು ಮಾಡಿ ಬಗ್ಗಿದಾಗ ಅದನ್ನು ಇಟ್ಟೆ. ಅದು ಯಾರ ಅಳತೆಯೂ ಅಲ್ಲ, ಅಪ್ಪನ ದಾರ ನನ್ನ ಹತ್ತಿರವೇ ಇದೆ. ಈಗಲೇ ಹೇಳಿದರೆ ಅಪ್ಪ ಮತ್ತೆ ಕಲ್ಲು ಎತ್ತಿಸುತ್ತಾನೆ. ಹೇಳದಿದ್ದರೆ ನಲವತ್ತು ದಿನ ಎಣಿಸುತ್ತಾ ಹೋಗಿಬಿಡುತ್ತಾನೆ, ಅವನ ಹಟ ನಿನಗೆ ಗೊತ್ತು. ಮೂರು ರಾತ್ರಿಯಿಂದ ನನಗೆ ನಿದ್ದೆ ಇಲ್ಲ ಲ್ಯುಬೆನ್. ಕಮಾನು ನಿಲ್ಲುವುದು ಅವನ ಕೈಕೆಲಸದಿಂದ ಎಂದು ಹಗಲು ಗೊತ್ತಿರುತ್ತದೆ, ಕಣ್ಣು ಮುಚ್ಚಿದರೆ ಅವನ ನೆತ್ತಿಯ ಮೇಲೆ ಖಾಲಿ ಕಲ್ಲು ಕಾಣುತ್ತದೆ. ಅದಕ್ಕೇ ನಾಳೆ ನಾನೂ ಅವನ ಪಕ್ಕದಲ್ಲಿ ಕೆಳಗೆ ನಿಲ್ಲುತ್ತೇನೆ. ಹೆಂಗಸು ನಿಲ್ಲುವ ರೂಢಿಯಿಲ್ಲ, ಬೈದರೆ ಬೈಯಲಿ. ಕೊನೆಯ ಬೆಣೆ ಬಿದ್ದ ಮೇಲೂ ನಾವಿಬ್ಬರು ಅಲ್ಲಿ ನಿಂತಿದ್ದರೆ, ಅವನ ದಾರವನ್ನು ಅಲ್ಲೇ ಅವನ ಕೈಗೆ ಕೊಡುತ್ತೇನೆ.